ಪಕ್ಕದ ಛತ್ರದ ಊಟ: ಪೈಲಟ್ ಒಂದು ನಿಲ್ದಾಣವನ್ನು ಇನ್ನೊಂದೆಂದು ತಿಳಿದು ಇಳಿಯುವುದು ಹೇಗೆ?

ಮದುವೆ ಸೀಸನ್‌ನಲ್ಲಿ ಒಂದೇ ರಸ್ತೆಯ ಎರಡು ಛತ್ರಗಳಲ್ಲಿ ಎರಡು ಮದುವೆ ನಡೆಯುತ್ತಿದ್ದರೆ, ಯಾರಾದರೊಬ್ಬರು ಪಕ್ಕದ ಛತ್ರಕ್ಕೆ ಹೋಗಿ ಪಾನಕ ಕುಡಿದು, ಪಂಕ್ತಿಯಲ್ಲೂ ಕೂತುಬಿಡುವುದುಂಟು. ಹಾಗೆ ಕೂತವರು ದಡ್ಡರೇನಲ್ಲ. ಬಾಗಿಲಿಗೆ ಬಾಳೆಕಂಬ ಕಟ್ಟಿತ್ತು, ಓಲಗ ಕೇಳುತ್ತಿತ್ತು, ರೇಷ್ಮೆ ಸೀರೆಯವರು ಪನ್ನೀರು ಚಿಮುಕಿಸಿ ಒಳಗೆ ಕರೆದರು. ಮದುವೆ ಮನೆಯಲ್ಲಿ ಏನೇನು ಇರಬೇಕೋ ಎಲ್ಲ ಇತ್ತು. ಹೂವಿನಲ್ಲಿ ಬರೆದ ಗಂಡು ಹೆಣ್ಣಿನ ಹೆಸರನ್ನು ಮಾತ್ರ ಅವರು ಓದಿರಲಿಲ್ಲ.

ಪೈಲಟ್ ಒಬ್ಬರು ಹೋಗಬೇಕಾದ ನಿಲ್ದಾಣ ಬಿಟ್ಟು ಪಕ್ಕದ್ದರಲ್ಲಿ ವಿಮಾನ ಇಳಿಸುವುದು ಹೆಚ್ಚುಕಡಿಮೆ ಹೀಗೆಯೇ. ಇಂಥ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಎರಡು ಪ್ರಶ್ನೆ: ಜಿಪಿಎಸ್ ಇರಲಿಲ್ಲವಾ? ಟವರ್‌ನವರು ಏನು ಮಾಡುತ್ತಿದ್ದರು? ಎರಡಕ್ಕೂ ಉತ್ತರವಿದೆ. ಆದರೆ ಮೇಲಿನಿಂದ ರನ್‌ವೇ ಹೇಗೆ ಕಾಣುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಆ ಉತ್ತರಗಳು ಅರ್ಥವಾಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ರನ್‌ವೇಗೆ ಹೆಸರಿಲ್ಲ, ಸಂಖ್ಯೆ ಇದೆ

ರನ್‌ವೇಯ ತುದಿಯಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡದಾಗಿ 09, 27, 14 ಎಂದೆಲ್ಲ ಬರೆದಿರುತ್ತಾರೆ. ಅದು ಕ್ರಮಸಂಖ್ಯೆ ಅಂದುಕೊಳ್ಳಬೇಡಿ, ಅದು ದಿಕ್ಕು. ದಿಕ್ಸೂಚಿಯ ಲೆಕ್ಕದಲ್ಲಿ ಪೂರ್ವ ಅಂದರೆ 90 ಡಿಗ್ರಿ, ದಕ್ಷಿಣ 180, ಪಶ್ಚಿಮ 270, ಉತ್ತರ 360. ಇಳಿಯುವ ವಿಮಾನದ ಮೂತಿ ಯಾವ ಡಿಗ್ರಿಯ ಕಡೆಗಿರುತ್ತದೋ ಅದನ್ನು ಹತ್ತಿರದ ಹತ್ತಕ್ಕೆ ಸರಿಮಾಡಿ, ಕೊನೆಯ ಸೊನ್ನೆ ತೆಗೆದರೆ ರನ್‌ವೇ ಸಂಖ್ಯೆ ಸಿಗುತ್ತದೆ. 88 ಡಿಗ್ರಿ ಇದ್ದರೆ 09. ಅದೇ ಪಟ್ಟಿಯನ್ನು ಆ ತುದಿಯಿಂದ ಬಳಸಿದರೆ 27. ಎರಡು ತುದಿಗಳ ವ್ಯತ್ಯಾಸ ಯಾವಾಗಲೂ 18.

ರನ್‌ವೇಯನ್ನು ಯಾವ ದಿಕ್ಕಿಗೆ ಹಾಸಬೇಕು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಗಾಳಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಆಗ ನೆಲದ ಮೇಲೆ ಓಡಬೇಕಾದ ದೂರ ಕಡಿಮೆಯಾಗುತ್ತದೆ. ಒಂದು ಪ್ರದೇಶದ ಎಲ್ಲ ಕಡೆಯೂ ಗಾಳಿ ಬೀಸುವ ರೀತಿ ಸುಮಾರಾಗಿ ಒಂದೇ ಆದ್ದರಿಂದ, ಅಲ್ಲಿ ಯಾರು ಯಾವ ಕಾಲದಲ್ಲಿ ರನ್‌ವೇ ಕಟ್ಟಿದರೂ ಅದು ಅಕ್ಕಪಕ್ಕದವುಗಳ ದಿಕ್ಕನ್ನೇ ಹಿಡಿಯುತ್ತದೆ. ನೆರೆಹೊರೆಯ ನಿಲ್ದಾಣಗಳು ಅವಳಿ ಮಕ್ಕಳ ಹಾಗೆ ಕಾಣುವುದಕ್ಕೆ ಮೊದಲ ಕಾರಣ ಇದು.

ಬೆಂಗಳೂರನ್ನೇ ನೋಡಿ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ, ಚಳಿಗಾಲದಲ್ಲಿ ಪೂರ್ವದ್ದು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು 09/27. ಯಲಹಂಕ ವಾಯುನೆಲೆಯದ್ದು 09/27. ಎಚ್‌ಎಎಲ್‌ನ ಹಳೆಯ ನಿಲ್ದಾಣದ್ದು 09/27. ಸಣ್ಣ ವಿಮಾನಗಳ ಜಕ್ಕೂರು ಏರೋಡ್ರೋಮ್‌ನದ್ದು 08/26. ಜಕ್ಕೂರಿನಿಂದ ಯಲಹಂಕ ವಾಯುನೆಲೆಗೆ ನೇರ ಗೆರೆ ಎಳೆದರೆ ಆರೇಳು ಕಿಲೋಮೀಟರ್, ಅಲ್ಲಿಂದ ದೇವನಹಳ್ಳಿಗೆ ಸುಮಾರು 13. ವಿಮಾನದ ಲೆಕ್ಕದಲ್ಲಿ ಇವೆಲ್ಲ ಒಂದೇ ಬೀದಿಯ ಮನೆಗಳು. ದೇವನಹಳ್ಳಿಯ ರನ್‌ವೇಗಳು ತಲಾ 4,000 ಮೀಟರ್ ಉದ್ದವಿದ್ದರೆ ಜಕ್ಕೂರಿನದ್ದು ಒಂದು ಕಿಲೋಮೀಟರಿಗೂ ಕಡಿಮೆ. ಹತ್ತಿರದಿಂದ ನೋಡಿದರೆ ಆನೆ ಮತ್ತು ಆಡಿನಷ್ಟು ಅಂತರ. ದೂರದಿಂದ?

ಒಂಬತ್ತು ಕಿಲೋಮೀಟರ್ ದೂರದಿಂದ ಏನು ಕಾಣುತ್ತದೆ

ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ. ಒಂದು ಅಂದರೆ 1.852 ಕಿಲೋಮೀಟರ್. ವೇಗದ ಅಳತೆ ನಾಟ್, ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಎತ್ತರ ಅಡಿಗಳಲ್ಲಿ.

ಈಗ ನಾಲ್ಕು ಸೀಟಿನ ಒಂದು ಸೆಸ್ನಾ 172 ನೆಲದಿಂದ 2,000 ಅಡಿ ಮೇಲೆ, ರನ್‌ವೇಯಿಂದ 5 ನಾಟಿಕಲ್ ಮೈಲಿ ದೂರದಲ್ಲಿ, ನೇರವಾಗಿ ಅದರ ಕಡೆಗೇ ಬರುತ್ತಿದೆ ಎಂದುಕೊಳ್ಳಿ. ರನ್‌ವೇ ಒಂದು ಕಿಲೋಮೀಟರ್ ಉದ್ದ, 30 ಮೀಟರ್ ಅಗಲ. ಪೈಲಟ್ ಅದನ್ನು ಮೇಲಿನಿಂದ ಬಗ್ಗಿ ನೋಡುತ್ತಿಲ್ಲ. ಸುಮಾರು ಮೂರೂವರೆ ಡಿಗ್ರಿ ಓರೆಯಲ್ಲಿ ನೋಡುತ್ತಿದ್ದಾರೆ. ಟೇಬಲ್ ಮೇಲೆ ಒಂದು ಸ್ಕೇಲ್ ಇಟ್ಟು, ಕಣ್ಣನ್ನು ಟೇಬಲ್ ಅಂಚಿನ ಮಟ್ಟಕ್ಕೆ ತಂದು ನೋಡಿದರೆ ಸ್ಕೇಲ್ ಗೇಣುದ್ದವಿದ್ದರೂ ಒಂದು ತುಂಡಿನ ಹಾಗೆ ಕಾಣುತ್ತದಲ್ಲ, ಹಾಗೆ. ಲೆಕ್ಕ ಹಾಕಿದರೆ ಆ ಇಡೀ ರನ್‌ವೇ ಕಣ್ಣಿಗೆ ಮೇಲಿಂದ ಕೆಳಕ್ಕೆ ಅರ್ಧ ಡಿಗ್ರಿಗೂ ಕಡಿಮೆ ಜಾಗ ಹಿಡಿಯುತ್ತದೆ. ಹುಣ್ಣಿಮೆಯ ಚಂದ್ರನ ಬಿಂಬವೇ ಅರ್ಧ ಡಿಗ್ರಿ. ಅಗಲದಲ್ಲಂತೂ ರನ್‌ವೇ ಚಂದ್ರನ ಅರ್ಧದಷ್ಟೂ ಇಲ್ಲ.

ಅಷ್ಟು ಚಿಕ್ಕದೊಂದು ಬೂದು ಗೆರೆಯನ್ನು ಪೈಲಟ್ ಹುಡುಕಬೇಕಾಗಿರುವುದು ಹೆದ್ದಾರಿ, ಕಾಲುವೆ, ಕಾರ್ಖಾನೆಯ ಶೀಟ್ ಮಾಡು, ಲೇಔಟ್ ರಸ್ತೆಗಳ ನಡುವೆ. ಮಬ್ಬು ಕವಿದಿದ್ದರೆ ಕಷ್ಟ ಇನ್ನೂ ಹೆಚ್ಚು. ಬೆಳಗಿನ ಹೊತ್ತು ರನ್‌ವೇ 09ಕ್ಕೆ ಬರುವಾಗ ಸೂರ್ಯ ಎದುರಿಗೇ ಇರುತ್ತಾನೆ. ಅಂಥ ಹೊತ್ತಲ್ಲಿ ಒಂದು ರನ್‌ವೇ ಕಣ್ಣಿಗೆ ಬಿತ್ತು ಅಂದರೆ ಮನಸ್ಸಿಗೆ ನಿರಾಳ. ಆ ನಿರಾಳದಲ್ಲೇ ಎಡವಟ್ಟಿನ ಬೀಜ ಇರುವುದು. ಇನ್ನೂ ಒಂದು ವಿಚಾರ: ಎರಡು ನಿಲ್ದಾಣಗಳು ಬರುವ ದಾರಿಯಲ್ಲೇ ಒಂದರ ಹಿಂದೆ ಒಂದು ಇದ್ದರೆ ಮೊದಲು ಕಾಣುವುದು ಹತ್ತಿರದ್ದು. ಪಕ್ಕಪಕ್ಕದಲ್ಲಿದ್ದರೆ ಕಣ್ಣನ್ನು ಎಳೆಯುವುದು ದೊಡ್ಡದು. ಎರಡು ಸಂದರ್ಭದಲ್ಲೂ ಅದು ನಮ್ಮದೇ ಆಗಿರಬೇಕೆಂದಿಲ್ಲ.

‘ಕಾಣಿಸುತ್ತಿದೆ’ ಎಂದ ಮೇಲೆ

ಇಳಿಯುವುದಕ್ಕೆ ಸ್ಥೂಲವಾಗಿ ಎರಡು ಬಗೆ. ಒಂದು, ಉಪಕರಣಗಳನ್ನು ನೋಡಿಕೊಂಡು ಇಳಿಯುವುದು. ಐಎಲ್‌ಎಸ್ ಎಂಬ ವ್ಯವಸ್ಥೆ ರನ್‌ವೇ ಬಳಿಯಿಂದ ರೇಡಿಯೋ ಅಲೆಗಳನ್ನು ಕಳಿಸುತ್ತದೆ. ಕಾಕ್‌ಪಿಟ್‌ನ ಮುಳ್ಳು ‘ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ’ ಎಂದು ತೋರಿಸುತ್ತಾ ಹೋಗುತ್ತದೆ. ಇನ್ನೊಂದು ವಿಷುವಲ್ ಅಪ್ರೋಚ್, ಅಂದರೆ ಹೊರಗೆ ಕಣ್ಣಾರೆ ನೋಡಿಕೊಂಡು ಇಳಿಯುವುದು. ಹವೆ ಚೆನ್ನಾಗಿದ್ದಾಗ ಸಣ್ಣ ವಿಮಾನಗಳೆಲ್ಲ ಬಹುತೇಕ ಹೀಗೆಯೇ ಇಳಿಯುತ್ತವೆ. ದೊಡ್ಡ ವಿಮಾನಗಳೂ ಅಮೆರಿಕದಂಥ ಕಡೆ ಸಮಯ ಉಳಿಸಲು ಆಗಾಗ ಇದನ್ನೇ ಕೇಳಿ ಪಡೆಯುತ್ತವೆ.

ಎರಡನೆಯ ಬಗೆಯಲ್ಲಿ ಹೊಣೆ ಕೈ ಬದಲಾಯಿಸುವ ಒಂದು ಕ್ಷಣ ಇದೆ. ಏಟಿಸಿ, ಅಂದರೆ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವವರು, ‘ನಿಲ್ದಾಣ ನಿಮಗೆ ಇಂತಿಷ್ಟು ಮೈಲಿ ಮುಂದಿದೆ, ಕಂಡ ಕೂಡಲೇ ಹೇಳಿ’ ಎನ್ನುತ್ತಾರೆ. ಪೈಲಟ್ ‘ಕಾಣಿಸುತ್ತಿದೆ’ ಎನ್ನುತ್ತಾರೆ. ಅಲ್ಲಿಂದ ಮುಂದೆ ದಾರಿ ಹಿಡಿದು ಹೋಗುವ ಜವಾಬ್ದಾರಿ ಪೈಲಟ್‌ರದ್ದು. ಏನು ಕಾಣಿಸುತ್ತಿದೆ ಎಂದು ಯಾರೂ ಮತ್ತೆ ಕೇಳುವುದಿಲ್ಲ.

ತಪ್ಪು ನಡೆಯುವುದು ಚಕ್ರ ನೆಲ ಮುಟ್ಟಿದಾಗ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅದು ನಡೆದುಹೋಗಿರುವುದು ಎಷ್ಟೋ ನಿಮಿಷ ಮೊದಲು, ಆ ಮಾತು ಬಾಯಿಂದ ಬಂದಾಗಲೇ. ಅಲ್ಲಿಯವರೆಗೆ ಮನಸ್ಸು ಹುಡುಕುತ್ತಿತ್ತು. ಈಗ ಹುಡುಕುವುದು ನಿಂತಿತು. ಮುಂದೆ ಕಾಣುವುದನ್ನೆಲ್ಲ ಮನಸ್ಸು ಆ ತೀರ್ಮಾನಕ್ಕೆ ಹೊಂದಿಸಿಕೊಳ್ಳುತ್ತದೆ. ರನ್‌ವೇ ದಿಕ್ಕು ಸರಿ ಇದೆಯಲ್ಲ. ದೀಪಗಳಿವೆಯಲ್ಲ. ಟವರ್ ಇಲ್ಲವಲ್ಲ ಎಂದರೆ ‘ಆ ಮರಗಳ ಹಿಂದೆ ಇರಬೇಕು’. ರನ್‌ವೇ ಗಿಡ್ಡ ಅನ್ನಿಸಿದರೆ ‘ಇನ್ನೂ ದೂರ ಇದ್ದೇವೆ’. ಮನಶ್ಶಾಸ್ತ್ರದಲ್ಲಿ ಇದಕ್ಕೊಂದು ಹೆಸರೂ ಇದೆ, ದೃಢೀಕರಣ ಪಕ್ಷಪಾತ. ಒಪ್ಪುವ ಸಾಕ್ಷಿ ಎದ್ದು ಕಾಣುತ್ತದೆ, ಒಪ್ಪದ ಸಾಕ್ಷಿಗೆ ಸಮಜಾಯಿಷಿ ಸಿಗುತ್ತದೆ. ಅನುಭವ ಹೆಚ್ಚಿದ್ದರೆ ಸಮಜಾಯಿಷಿ ಇನ್ನೂ ಬೇಗ ಸಿಗುತ್ತದೆ.

ನಿಜವಾಗಿ ನಡೆದದ್ದು

1960ರ ಅಕ್ಟೋಬರಿನಲ್ಲಿ ಪ್ಯಾನ್ ಆಮ್ ಕಂಪನಿಯ ಬೋಯಿಂಗ್ 707 ಲಂಡನ್ನಿನ ಹೀಥ್ರೋಗೆ ಬರಬೇಕಿತ್ತು. ಇಳಿದದ್ದು ಅದರ ಉತ್ತರಕ್ಕಿರುವ ನಾರ್ತೋಲ್ಟ್ ವಾಯುನೆಲೆಯಲ್ಲಿ. ಅಲ್ಲಿನ ಸ್ವಾರಸ್ಯ ಏನೆಂದರೆ, ಹೀಥ್ರೋ ರನ್‌ವೇಯ ಹಾದಿಯಲ್ಲಿ ಸೌತಾಲ್ ಎಂಬಲ್ಲಿ ಗ್ಯಾಸ್ ತುಂಬಿಡುವ ಬೃಹತ್ ಟ್ಯಾಂಕ್ ಒಂದಿತ್ತು, ಪೈಲಟ್‌ಗಳು ಅದನ್ನೇ ಗುರುತಾಗಿ ಹಿಡಿಯುತ್ತಿದ್ದರು. ನಾರ್ತೋಲ್ಟ್ ಹಾದಿಯಲ್ಲೂ, ಹ್ಯಾರೋ ಬಳಿ, ಅಂಥದ್ದೇ ಇನ್ನೊಂದು ಟ್ಯಾಂಕ್. ಗುರುತಿಗೇ ಜೋಡಿ ಇದ್ದರೆ ಗುರುತು ಹಿಡಿಯುವುದು ಹೇಗೆ? ಕೊನೆಗೆ ಒಂದು ಟ್ಯಾಂಕಿನ ಮೇಲೆ ‘ಎಲ್‌ಎಚ್’, ಇನ್ನೊಂದರ ಮೇಲೆ ‘ಎನ್‌ಒ’ ಎಂಬ ದೈತ್ಯ ಇಂಗ್ಲಿಷ್ ಅಕ್ಷರಗಳನ್ನು ಬರೆಸಿದರು. ಲಂಡನ್ ಹೀಥ್ರೋ, ನಾರ್ತೋಲ್ಟ್. ಛತ್ರದ ಬಾಗಿಲಿಗೆ ಬೋರ್ಡ್ ಹಾಕಿದ ಹಾಗಾಯಿತು. ಸೌತಾಲಿನ ಟ್ಯಾಂಕಿನ ಮೇಲೆ ಆ ಅಕ್ಷರಗಳು ಹತ್ತಾರು ವರ್ಷ ಉಳಿದಿದ್ದವು.

ನಮ್ಮ ದೇಶದ ಪ್ರಸಿದ್ಧ ಪ್ರಕರಣ ಮುಂಬಯಿಯದ್ದು. 1972ರ ಸೆಪ್ಟೆಂಬರ್ 24ರ ಬೆಳಗ್ಗೆ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ಸಾಂತಾಕ್ರೂಜ್ ಎಂದು ತಿಳಿದು ಜುಹು ಏರೋಡ್ರೋಮ್‌ನಲ್ಲಿ ಇಳಿಯಿತು. ಎರಡರ ನಡುವೆ ಅಂತರ ನಾಲ್ಕು ಕಿಲೋಮೀಟರಿಗೂ ಕಡಿಮೆ. ಸಾಂತಾಕ್ರೂಜ್‌ನ ಮುಖ್ಯ ರನ್‌ವೇ 09/27, ಜುಹುವಿನದ್ದು 08/26. ಅರಬ್ಬಿ ಸಮುದ್ರದ ಕಡೆಯಿಂದ ಬಂದರೆ ಕರಾವಳಿ ದಾಟಿದ ಕೂಡಲೇ ಸಿಗುವುದು ಜುಹು. ಅದರ ರನ್‌ವೇ 1,143 ಮೀಟರ್, ಅಂದರೆ ಸಾಂತಾಕ್ರೂಜ್‌ನ ಮೂರನೇ ಒಂದು ಪಾಲು. ಜೆಟ್ ನಿಲ್ಲಲಿಲ್ಲ, ತುದಿ ದಾಟಿ ಹೋಗಿ ಮತ್ತೆ ಹಾರದ ಸ್ಥಿತಿ ತಲುಪಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

2013ರ ನವೆಂಬರ್ 20ರ ರಾತ್ರಿ ಅಮೆರಿಕದ ವಿಚಿಟಾದಲ್ಲಿ ನಡೆದದ್ದು ಈ ವಿಷಯದ ಪಾಠದಂತಿದೆ. ಬೋಯಿಂಗ್ 747ನ್ನು ಉಬ್ಬಿಸಿ ಮಾಡಿದ ಡ್ರೀಮ್‌ಲಿಫ್ಟರ್ ಎಂಬ ಸರಕು ವಿಮಾನ ಮೆಕಾನಲ್ ವಾಯುನೆಲೆಗೆ ಹೋಗಬೇಕಿತ್ತು. ಆ ಊರಲ್ಲಿ ವಿಮಾನ ಕಾರ್ಖಾನೆಗಳು ಹೆಚ್ಚು, ರನ್‌ವೇಗಳೂ ಹೆಚ್ಚು. ಉತ್ತರದಿಂದ ದಕ್ಷಿಣಕ್ಕೆ ಬಂದರೆ ಮೊದಲು ಜಬಾರಾ ಎಂಬ ಸಣ್ಣ ನಿಲ್ದಾಣ, ಆಮೇಲೆ ಬೀಚ್ ಕಾರ್ಖಾನೆಯ ರನ್‌ವೇ, ಆಮೇಲೆ ಮೆಕಾನಲ್. ಮೂರೂ ಹೆಚ್ಚುಕಡಿಮೆ ಉತ್ತರ–ದಕ್ಷಿಣ. ವಿಮಾನ ಸುಮಾರು 14 ಕಿಲೋಮೀಟರ್ ಮೊದಲೇ, 6,101 ಅಡಿಯ ಜಬಾರಾದಲ್ಲಿ ಇಳಿಯಿತು. ಇಳಿದ ಮೇಲೂ ಪೈಲಟ್‌ಗಳು ತಾವು ಬೀಚ್‌ನಲ್ಲಿದ್ದೇವೆ ಅಂದುಕೊಂಡಿದ್ದರು. ನೆಲದ ಮೇಲೆ ನಿಂತು, ರೇಡಿಯೋದಲ್ಲಿ ಮಾತಾಡುತ್ತಾ, ಎರಡನೇ ಸಲವೂ ತಪ್ಪು ನಿಲ್ದಾಣದ ಹೆಸರು ಹೇಳಿದರು.

ಅದಾಗಿ ಎರಡು ತಿಂಗಳೊಳಗೆ, 2014ರ ಜನವರಿ 12ರಂದು, ಮಿಸೌರಿ ರಾಜ್ಯದ ಬ್ರ್ಯಾನ್‌ಸನ್‌ಗೆ ಹೊರಟಿದ್ದ ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ 737 ಹತ್ತಿರದ ಕ್ಲಾರ್ಕ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಿತು. ಬೇಕಿದ್ದ ರನ್‌ವೇ 14, ಉದ್ದ 7,140 ಅಡಿ. ಸಿಕ್ಕಿದ್ದು ರನ್‌ವೇ 12, ಉದ್ದ 3,738 ಅಡಿ. ಪೈಲಟ್‌ಗಳು ಬ್ರೇಕನ್ನು ಬಲವಾಗಿ ಒತ್ತಿದ್ದರಿಂದ ತುದಿಗೆ ಸುಮಾರು 300 ಅಡಿ ಉಳಿದಿರುವಾಗ ವಿಮಾನ ನಿಂತಿತು. 124 ಪ್ರಯಾಣಿಕರಿದ್ದರು.

ಈ ಎಲ್ಲದರಲ್ಲೂ ಇಬ್ಬರು ಅಥವಾ ಮೂವರು ಪಳಗಿದ ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿದ್ದರು ಎಂಬುದನ್ನು ಮರೆಯಬಾರದು.

ಸಣ್ಣ ವಿಮಾನದ ಪಾಡು

ಸುದ್ದಿಯಾಗುವುದು ದೊಡ್ಡ ವಿಮಾನಗಳು. ಆದರೆ ತಪ್ಪು ನಿಲ್ದಾಣ, ತಪ್ಪು ರನ್‌ವೇ, ರನ್‌ವೇ ಬದಲು ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರುವ ದಾರಿ) ಎಲ್ಲ ಸೇರಿಸಿದರೆ ಹೆಚ್ಚಿನ ಪಾಲು ಸಣ್ಣ ವಿಮಾನಗಳದ್ದೇ. ಅಲ್ಲಿ ಪೈಲಟ್ ಒಬ್ಬರೇ. ವಿಮಾನ ಹಾರಿಸಬೇಕು, ರೇಡಿಯೋದಲ್ಲಿ ಮಾತಾಡಬೇಕು, ತೊಡೆಯ ಮೇಲಿನ ನಕ್ಷೆ ನೋಡಬೇಕು, ಬೇರೆ ವಿಮಾನ ಬರುತ್ತಿದೆಯೇ ಎಂದು ಕತ್ತು ತಿರುಗಿಸಬೇಕು. ‘ಇದು ನಮ್ಮದೇನಾ?’ ಎಂದು ಪಕ್ಕದಿಂದ ಕೇಳುವವರಿಲ್ಲ.

ಹಳೆಯ ಸಣ್ಣ ವಿಮಾನಗಳಲ್ಲಿ ದಿಕ್ಕು ತೋರಿಸುವ ಉಪಕರಣದ್ದೇ ಒಂದು ಸಮಸ್ಯೆ ಇದೆ. ಡ್ಯಾಶ್‌ಬೋರ್ಡಿನ ಮಧ್ಯದಲ್ಲಿರುವ ಹೆಡಿಂಗ್ ಇಂಡಿಕೇಟರ್ ಒಳಗೆ ಬುಗುರಿಯಂತೆ ತಿರುಗುವ ಗೈರೋ ಇರುತ್ತದೆ. ಅದಕ್ಕೆ ಉತ್ತರ ಯಾವ ಕಡೆ ಎಂಬುದು ತಾನಾಗಿ ಗೊತ್ತಿಲ್ಲ. ಪೈಲಟ್ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೆ. ಬುಗುರಿ ಮೆಲ್ಲಗೆ ವಾಲುವ ಹಾಗೆ ಅದೂ ಸರಿಯುತ್ತದೆ. ಹಾಗಾಗಿ ಸುಮಾರು 15 ನಿಮಿಷಕ್ಕೊಮ್ಮೆ ಮೇಲಿರುವ ಆಯಸ್ಕಾಂತದ ದಿಕ್ಸೂಚಿ ನೋಡಿ ಸರಿಪಡಿಸಬೇಕು. ಅದನ್ನೂ ವಿಮಾನ ನೇರವಾಗಿ, ಸಮವೇಗದಲ್ಲಿ ಹೋಗುತ್ತಿರುವಾಗಲೇ ಮಾಡಬೇಕು, ತಿರುವಿನಲ್ಲಿ ದಿಕ್ಸೂಚಿ ಸುಳ್ಳು ಹೇಳುತ್ತದೆ. ಗಂಟೆಗಟ್ಟಲೆ ಸರಿಪಡಿಸದೆ ಬಿಟ್ಟಿದ್ದರೆ 20 ಡಿಗ್ರಿ ಬೇರೆ ದಿಕ್ಕಿನ ರನ್‌ವೇಯೂ ‘ಸರಿಯಾಗಿದೆ’ ಎಂದು ತೋರಬಹುದು. ರನ್‌ವೇ 12 ಮತ್ತು 14ರ ನಡುವಿನ ವ್ಯತ್ಯಾಸ ಅಷ್ಟೇ.

ಇನ್ನು ರೇಡಿಯೋ. ಅಮೆರಿಕದಲ್ಲಿ ಟವರ್ ಇಲ್ಲದ ಸಣ್ಣ ನಿಲ್ದಾಣಗಳು ಸಾವಿರಾರು. ಅಲ್ಲಿ ಅನುಮತಿ ಕೊಡುವವರಿಲ್ಲ. ಪೈಲಟ್‌ಗಳು ತಾವೆಲ್ಲಿದ್ದೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇಂಥ ಎಷ್ಟೋ ನಿಲ್ದಾಣಗಳಿಗೆ 122.8 ಮೆಗಾಹರ್ಟ್ಸ್‌ನಂಥ ಒಂದೇ ತರಂಗಾಂತರ ಹಂಚಿಕೆಯಾಗಿರುವುದರಿಂದ, ಪ್ರತಿ ಮಾತಿನ ಮೊದಲೂ ಕೊನೆಗೂ ನಿಲ್ದಾಣದ ಹೆಸರು ಹೇಳುವುದು ರೂಢಿ. ಪೈಲಟ್ ತಪ್ಪು ನಿಲ್ದಾಣದ ಮೇಲಿದ್ದರೆ? ಅವರು ಹೇಳುತ್ತಿರುವ ಹೆಸರು ಒಂದು ಊರಿನದ್ದು, ವಿಮಾನ ಇರುವುದು ಇನ್ನೊಂದರಲ್ಲಿ. ಅಲ್ಲಿ ನಿಜವಾಗಿ ಸುತ್ತುತ್ತಿರುವ ವಿಮಾನಗಳಿಗೆ ಈ ಅತಿಥಿಯ ಸುಳಿವೇ ಇರುವುದಿಲ್ಲ. ತರಂಗಾಂತರ ಬೇರೆಯಾಗಿದ್ದರಂತೂ ಮಾತು ಕೇಳಿಸುವುದೂ ಇಲ್ಲ.

ಸಣ್ಣ ವಿಮಾನಕ್ಕೆ ರನ್‌ವೇ ಸಾಲದೆ ಹೋಗುವ ಭಯ ಕಡಿಮೆ. ಸಮುದ್ರಮಟ್ಟದಲ್ಲಿ ಸೆಸ್ನಾ 172ಎಸ್ ಇಳಿದ ಮೇಲೆ ಓಡುವುದು ಸುಮಾರು 575 ಅಡಿ. ಅದರ ಅಪಾಯ ಬೇರೆ ಕಡೆ ಇದೆ: ಎದುರು ತುದಿಯಿಂದ ಏರುತ್ತಿರುವ ಇನ್ನೊಂದು ವಿಮಾನ, ದೊಡ್ಡ ಜೆಟ್ ಹಿಂದೆ ಬಿಟ್ಟುಹೋಗುವ ಗಾಳಿಯ ಸುಳಿ, ರಿಪೇರಿಗೆಂದು ಮುಚ್ಚಿ ಜಲ್ಲಿ ಸುರಿದಿರುವ ರನ್‌ವೇ, ಇಲ್ಲವೇ ಬಂದೂಕು ಹಿಡಿದು ಕಾಯುವ ಸೇನಾ ನೆಲೆ.

ಜಿಪಿಎಸ್ ಇರಲಿಲ್ಲವಾ?

ಸಾಮಾನ್ಯವಾಗಿ ಇರುತ್ತದೆ. ಬ್ರ್ಯಾನ್‌ಸನ್ ಪ್ರಕರಣದಲ್ಲಿ ಸರಿಯಾದ ರನ್‌ವೇಯ ದಾರಿಯನ್ನು ವಿಮಾನದ ಕಂಪ್ಯೂಟರಿಗೆ ತುಂಬಿಯೂ ಆಗಿತ್ತು. ದೀಪಗಳು ಕಂಡ ಮೇಲೆ ಪೈಲಟ್‌ಗಳ ಕಣ್ಣು ಹೊರಗೇ ನೆಟ್ಟಿತು. ಒಳಗಿನ ಪರದೆ ಹೇಳುತ್ತಿದ್ದದ್ದನ್ನು ತಾಳೆ ನೋಡಲಿಲ್ಲ. ಹೆದ್ದಾರಿಯಲ್ಲಿ ಊರಿನ ಕಮಾನು ಕಂಡ ಮೇಲೆ ಯಾರು ಮೊಬೈಲ್ ಮ್ಯಾಪ್ ನೋಡುತ್ತಾರೆ?

ಎರಡನೆಯದಾಗಿ, ಸಣ್ಣ ವಿಮಾನದ ಜಿಪಿಎಸ್‌ನಲ್ಲಿ ಹೆಚ್ಚಾಗಿ ಬಳಸುವುದು ‘ಡೈರೆಕ್ಟ್ ಟು’ ಗುಂಡಿ. ಅದು ಈಗಿರುವ ಜಾಗದಿಂದ ನಿಲ್ದಾಣಕ್ಕೆ ಒಂದು ನೇರ ಗೆರೆ ಎಳೆಯುತ್ತದೆ. ಆ ಗೆರೆಗೂ ರನ್‌ವೇಯ ದಿಕ್ಕಿಗೂ ಸಂಬಂಧವಿಲ್ಲ. ಪೈಲಟ್ ರನ್‌ವೇಗೆ ಸುತ್ತುಹಾಕಲು ಆ ಗೆರೆ ಬಿಟ್ಟು ತಿರುಗಿದ ಮೇಲೆ ಪರದೆಯ ಮುಳ್ಳು ಹೇಗೂ ಒಂದು ಬದಿಗೆ ಸರಿದಿರುತ್ತದೆ, ಹಾಗಾಗಿ ಯಾರೂ ಅದಕ್ಕೆ ಬೆಲೆ ಕೊಡುವುದಿಲ್ಲ. ಆದರೆ ಅದೇ ಪರದೆಯ ಮೂಲೆಯಲ್ಲಿ ಒಂದು ಅಂಕಿ ಸತ್ಯ ಹೇಳುತ್ತಲೇ ಇರುತ್ತದೆ: ದೂರ. ರನ್‌ವೇ ಮುಂದಿನ ಗಾಜಿನ ತುಂಬ ಕಾಣುತ್ತಿದ್ದು, ಜಿಪಿಎಸ್ ಮಾತ್ರ ‘ಇನ್ನೂ 5 ನಾಟಿಕಲ್ ಮೈಲಿ’ ಎನ್ನುತ್ತಿದ್ದರೆ ಇಬ್ಬರಲ್ಲಿ ಒಬ್ಬರು ತಪ್ಪು. ಜಿಪಿಎಸ್ ಅಂತೂ ಅಲ್ಲ.

ಹಾಗೆಂದು ಜಿಪಿಎಸ್‌ಗೆ ತುಂಬುವುದರಲ್ಲೂ ಎಡವಟ್ಟಾಗುತ್ತದೆ. ನಿಲ್ದಾಣಗಳಿಗೆ ನಾಲ್ಕಕ್ಷರದ ಸಂಕೇತಗಳಿವೆ. ದೇವನಹಳ್ಳಿ ವಿಒಬಿಎಲ್, ಎಚ್‌ಎಎಲ್ ವಿಒಬಿಜಿ. ಒಂದಕ್ಷರ ಹೆಚ್ಚುಕಡಿಮೆಯಾದರೆ ಊರಿನ ಇನ್ನೊಂದು ಮೂಲೆ. 2015ರ ಮಾರ್ಚಿನಲ್ಲಿ ಸಿಡ್ನಿಯಿಂದ ಹೊರಟ ಏರ್‌ಏಷ್ಯಾ ಎಕ್ಸ್ ವಿಮಾನದಲ್ಲಿ, ನಿಂತ ಜಾಗದ ರೇಖಾಂಶವನ್ನು 15109.8 ಎನ್ನುವ ಬದಲು 01519.8 ಎಂದು ಕೈಯಾರೆ ತುಂಬಿದ್ದರಿಂದ ಮಾರ್ಗದರ್ಶನ ವ್ಯವಸ್ಥೆಯೇ ಕೆಟ್ಟು, ಕೌಲಾಲಂಪುರಕ್ಕೆ ಹೋಗಬೇಕಿದ್ದವರು ಮೆಲ್ಬರ್ನ್‌ನಲ್ಲಿ ಇಳಿಯಬೇಕಾಯಿತು. ಅದು ನಿಲ್ದಾಣ ತಪ್ಪು ಗುರುತಿಸಿದ ಪ್ರಕರಣವಲ್ಲ, ಅಂಕಿ ತಪ್ಪಿದ್ದು.

ಟವರ್‌ನವರು ಏನು ಮಾಡುತ್ತಿದ್ದರು?

ತಮ್ಮ ರನ್‌ವೇ ಕಡೆ ನೋಡುತ್ತಿದ್ದರು. ಟವರ್ ಕೊಡುವ ‘ಇಳಿಯಬಹುದು’ ಎಂಬ ಅನುಮತಿ ಅವರ ರನ್‌ವೇಗಷ್ಟೇ ಸಂಬಂಧಿಸಿದ್ದು. ವಿಮಾನ ಹತ್ತು ಕಿಲೋಮೀಟರ್ ಆಚೆ ಇನ್ನೊಂದು ಕಡೆ ಇಳಿಯುತ್ತಿದ್ದರೆ ಅವರಿಗೆ ಕಾಣುವುದು ಖಾಲಿ ಆಕಾಶ. ಸಣ್ಣ ಟವರ್‌ಗಳಲ್ಲಿ ರಾಡಾರ್ ಪರದೆ ಇಲ್ಲದಿರಬಹುದು. ದೂರದ ರಾಡಾರ್ ಕೇಂದ್ರದವರು ಆ ಹೊತ್ತಿಗೆ ವಿಮಾನವನ್ನು ಟವರ್‌ಗೆ ಒಪ್ಪಿಸಿ ಬೇರೆಯದರ ಕಡೆ ತಿರುಗಿರುತ್ತಾರೆ.

ವಿಮಾನ ಅಪಾಯಕಾರಿಯಾಗಿ ಕೆಳಗೆ ಬಂದರೆ ರಾಡಾರ್ ಕಂಪ್ಯೂಟರ್ ಎಚ್ಚರಿಕೆ ಕೊಡುವ ವ್ಯವಸ್ಥೆ ಅಮೆರಿಕದಲ್ಲಿದೆ. ಆದರೆ ಅದು ನಿಲ್ದಾಣಗಳ ಸುತ್ತ ಸುಮ್ಮನಿರುವಂತೆ ಹೊಂದಿಸಿರುತ್ತಾರೆ, ಇಲ್ಲದಿದ್ದರೆ ಇಳಿಯುವ ಪ್ರತಿ ವಿಮಾನಕ್ಕೂ ಅರಚಿಕೊಳ್ಳುತ್ತದೆ. ವಿಮಾನ ಇಳಿಯುತ್ತಿರುವುದು ಯಾವುದೋ ಒಂದು ನಿಲ್ದಾಣಕ್ಕೆ ತಾನೇ? ಹಾಗಾಗಿ ಕಂಪ್ಯೂಟರ್ ಸುಮ್ಮನಿರುತ್ತದೆ. ವಿಚಿಟಾ, ಬ್ರ್ಯಾನ್‌ಸನ್ ಘಟನೆಗಳಾದ ಮೇಲೆ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ಎರಡು ಸಲಹೆ ಕೊಟ್ಟಿತು. ವಿಮಾನ ಯಾವ ನಿಲ್ದಾಣಕ್ಕೆ ಹೊರಟಿದೆಯೋ ಅದಕ್ಕೆ ಮಾತ್ರ ಈ ವಿನಾಯಿತಿ ಇರಲಿ ಎಂಬುದು ಒಂದು. ದಾರಿಯಲ್ಲಿ ಗೊಂದಲ ಹುಟ್ಟಿಸುವ ಇನ್ನೊಂದು ನಿಲ್ದಾಣ ಇದ್ದರೆ, ವಿಮಾನ ಅದನ್ನು ದಾಟುವವರೆಗೆ ಇಳಿಯುವ ಅನುಮತಿ ತಡೆಹಿಡಿಯಿರಿ ಎಂಬುದು ಇನ್ನೊಂದು. ಎರಡನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬೋರ್ಡ್ ಓದುವ ಕ್ರಮ

ಇದಕ್ಕೆ ಮದ್ದು ಸರಳ, ಪಾಲಿಸುವುದು ಬೇಸರದ ಕೆಲಸ. ಹೊರಡುವ ಮೊದಲು ನಕ್ಷೆ ತೆಗೆದು, ಹೋಗಬೇಕಾದ ನಿಲ್ದಾಣದ ಸುತ್ತ ಹತ್ತು ನಾಟಿಕಲ್ ಮೈಲಿಯೊಳಗೆ ಬೇರೆ ಯಾವ ರನ್‌ವೇಗಳಿವೆ ಎಂದು ನೋಡಬೇಕು. ಸೇನೆಯದ್ದು, ಖಾಸಗಿಯದ್ದು, ಮುಚ್ಚಿಹೋದದ್ದು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಅವು ಬರುವ ದಾರಿಗೆ ಎಡಕ್ಕೋ ಬಲಕ್ಕೋ, ಮೊದಲು ಸಿಗುತ್ತವೋ ಆಮೇಲೋ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತನ್ನ ನಿಲ್ದಾಣದ ಬಗ್ಗೆ ಗುರುತಿಟ್ಟುಕೊಳ್ಳಬೇಕಾದದ್ದು ರನ್‌ವೇ ಸಂಖ್ಯೆಯೊಂದನ್ನೇ ಅಲ್ಲ. ಒಂದೇ ರನ್‌ವೇಯೋ ಎರಡೋ, ವಿಮಾನ ನಿಲ್ಲಿಸುವ ಶೆಡ್‌ಗಳು, ಅಂದರೆ ಹ್ಯಾಂಗರ್‌ಗಳು, ಯಾವ ಬದಿಗೆ, ಟವರ್ ಎಲ್ಲಿ, ಕೆರೆಯೋ ರೈಲು ಹಳಿಯೋ ಯಾವ ತುದಿಗೆ ಎಂಬುದೂ ಬೇಕು. ಪಕ್ಕದ ನಿಲ್ದಾಣದಲ್ಲಿ ಇರಲಾರದ ಒಂದು ಗುರುತನ್ನಾದರೂ ಆರಿಸಿಕೊಂಡಿರಬೇಕು. ಹೀಥ್ರೋದ ಗ್ಯಾಸ್ ಟ್ಯಾಂಕ್ ಅಂಥ ಗುರುತಾಗಿರಲಿಲ್ಲ.

ಹತ್ತು ಮೈಲಿ ಉಳಿದಾಗ ಹೆಡಿಂಗ್ ಇಂಡಿಕೇಟರ್ ಅನ್ನು ದಿಕ್ಸೂಚಿಗೆ ಸರಿಮಾಡಿ, ಅದರ ಮೇಲಿನ ಬಣ್ಣದ ಗುರುತನ್ನು ರನ್‌ವೇ ದಿಕ್ಕಿಗೆ ತಿರುಗಿಸಿಡಬೇಕು. ರನ್‌ವೇಗೆ ಐಎಲ್‌ಎಸ್ ಇದ್ದರೆ, ಹವೆ ಎಷ್ಟೇ ಚೆನ್ನಾಗಿರಲಿ, ಅದನ್ನು ಟ್ಯೂನ್ ಮಾಡಿ, ಅದು ತನ್ನ ಗುರುತಾಗಿ ಕಳಿಸುವ ಮೋರ್ಸ್ ಸಂಕೇತ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಐಎಲ್‌ಎಸ್ ಇಲ್ಲದಿದ್ದರೆ ಜಿಪಿಎಸ್‌ನಲ್ಲಿ ರನ್‌ವೇಯನ್ನೇ ಆರಿಸಿ, ಅದರ ನಡುಗೆರೆ ಹಿಂದಕ್ಕೆ ಚಾಚಿಕೊಳ್ಳುವಂತೆ ಮಾಡಬಹುದು. ಆಗ ಪರದೆಯ ಗೆರೆಯೂ ಹೊರಗೆ ಕಾಣುವ ರನ್‌ವೇಯೂ ಒಂದಾಗಲೇಬೇಕು.

‘ಕಾಣಿಸುತ್ತಿದೆ’ ಎನ್ನುವ ಮೊದಲು ದೂರ, ದಿಕ್ಕು, ಆರಿಸಿಟ್ಟ ಗುರುತು ಮೂರೂ ತಾಳೆಯಾಗಬೇಕು. ಆಗದಿದ್ದರೆ ‘ಇನ್ನೂ ಹುಡುಕುತ್ತಿದ್ದೇನೆ’ ಎನ್ನುವುದರಲ್ಲಿ ನಾಚಿಕೆಯಿಲ್ಲ. ರೇಡಿಯೋದಲ್ಲಿ ಹಾಗೆ ಹೇಳಿದರೆ ಏಟಿಸಿಯವರು ದಿಕ್ಕು ಹೇಳಿ ಸಹಾಯ ಮಾಡುತ್ತಾರೆ. ರಾತ್ರಿ ಹೊತ್ತು ನಿಲ್ದಾಣದ ತಿರುಗುದೀಪವನ್ನೂ ನೋಡಬೇಕು: ಅಮೆರಿಕದಲ್ಲಿ ನಾಗರಿಕ ನಿಲ್ದಾಣದ್ದು ಒಂದು ಬಿಳಿ, ಒಂದು ಹಸಿರು, ಸೇನೆಯದ್ದು ಎರಡು ಬಿಳಿ ಮಿಂಚಿ ಒಂದು ಹಸಿರು.

ಕೊನೆಯ ನೇರ ಹಾದಿಯಲ್ಲಿ ಸೆಸ್ನಾ ವೇಗ ಸುಮಾರು 65 ನಾಟ್, ಅಂದರೆ ನಿಮಿಷಕ್ಕೆ 2 ಕಿಲೋಮೀಟರ್. ಒಂದು ಮೈಲಿಯ ಹಾದಿ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಈ ನಿಮಿಷದಲ್ಲಿ ಒಮ್ಮೆ ದಿಕ್ಸೂಚಿ ನೋಡಿ, ಆಮೇಲೆ ರನ್‌ವೇ ಮೇಲೆ ಬರೆದ ಸಂಖ್ಯೆಯನ್ನು ಬಾಯಿಬಿಟ್ಟು ಓದಬೇಕು. ಅಮೆರಿಕದ ಅಳತೆಯಲ್ಲಿ ಆ ಅಂಕಿಗಳು 60 ಅಡಿ ಎತ್ತರ. ಬೇಕೆಂದರೆ ಓದಲು ಆಗುತ್ತದೆ. ತಾಳೆಯಾಗದಿದ್ದರೆ ‘ಗೋ ಅರೌಂಡ್’, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಏರುವುದು: ಎಂಜಿನ್ನಿಗೆ ಬಲ ಕೊಡುವ ಥ್ರಾಟಲ್ ಪೂರ್ತಿ ಮುಂದಕ್ಕೆ, ಇಳಿಯಲೆಂದು ರೆಕ್ಕೆಯ ಹಿಂದೆ ಬಾಗಿಸಿದ್ದ ಫ್ಲ್ಯಾಪ್ 30 ಡಿಗ್ರಿಯಿಂದ 20ಕ್ಕೆ, ವೇಗ 60 ನಾಟ್‌ನಲ್ಲಿ ಹಿಡಿದು ಏರು, ಸುರಕ್ಷಿತ ಎತ್ತರ ತಲುಪಿದ ಮೇಲೆ ಉಳಿದ ಫ್ಲ್ಯಾಪ್ ಹಂತಹಂತವಾಗಿ ಒಳಕ್ಕೆ. ಮೊದಲು ವಿಮಾನ ಏರಲಿ, ರೇಡಿಯೋ ಮಾತು ಆಮೇಲೆ.

ಇಳಿದುಬಿಟ್ಟಿದ್ದರೆ

ಇಳಿದ ಮೇಲೆ ಗೊತ್ತಾದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ತಕ್ಷಣ ಎದ್ದು ಹೋಗಿಬಿಡೋಣ ಎಂದು. ಅದು ಎರಡನೇ ತಪ್ಪು. ಇಳಿಯಲು ಸಾಕಾದ ರನ್‌ವೇ ಏರಲು ಸಾಲದಿರಬಹುದು. 575 ಅಡಿಯಲ್ಲಿ ನಿಲ್ಲುವ ಸೆಸ್ನಾ 172ಎಸ್‌ಗೆ ನೆಲ ಬಿಡಲು ಸುಮಾರು 960 ಅಡಿ ಬೇಕು, 50 ಅಡಿಯ ಮರ ದಾಟಲು 1,630. ಅದೂ ಸಮುದ್ರಮಟ್ಟದಲ್ಲಿ. ಬೆಂಗಳೂರಿನಂಥ ಸುಮಾರು 3,000 ಅಡಿ ಎತ್ತರದ ಊರಿನಲ್ಲಿ, ಬಿಸಿಲಿನ ಮಧ್ಯಾಹ್ನ, ಇನ್ನೂ ಹೆಚ್ಚು ಬೇಕು.

ಟವರ್ ಇಲ್ಲದ ಕಡೆ ಸುತ್ತ ನೋಡಿ ರನ್‌ವೇ ಖಾಲಿ ಮಾಡಿ, ಎಂಜಿನ್ ನಿಲ್ಲಿಸಿ, ಫೋನ್ ಮಾಡಿ ತಿಳಿಸಬೇಕು. ಇಲ್ಲದಿದ್ದರೆ ವಿಮಾನ ಬರಲಿಲ್ಲವೆಂದು ಆ ಕಡೆಯವರು ಹುಡುಕಾಟ ಶುರು ಮಾಡುತ್ತಾರೆ. ಟವರ್ ಇದ್ದರೆ ಅಲ್ಲೇ ನಿಂತು, ಇರುವುದನ್ನು ಇದ್ದ ಹಾಗೆ ರೇಡಿಯೋದಲ್ಲಿ ಹೇಳಿ, ಅವರು ಹೇಳಿದಂತೆ ಮಾಡಬೇಕು. ಸೇನಾ ನೆಲೆಯಾದರೆ ಅವರು ಬರುವವರೆಗೆ ಬಾಗಿಲು ತೆರೆಯದೆ ಕೂತಿರುವುದು ಕ್ಷೇಮ. ಅಮೆರಿಕದಲ್ಲಿ ಇಂಥ ತಪ್ಪನ್ನು 10 ದಿನದೊಳಗೆ ನಾಸಾ ನಡೆಸುವ ಸುರಕ್ಷತಾ ವರದಿ ವ್ಯವಸ್ಥೆಗೆ ಬರೆದು ಕಳಿಸಿದರೆ, ಬೇಕೆಂದು ಮಾಡಿದ್ದಲ್ಲದಿದ್ದರೆ, ಸಾಮಾನ್ಯವಾಗಿ ದಂಡನೆಯಿಂದ ರಿಯಾಯಿತಿ ಸಿಗುತ್ತದೆ. ಎರಡು ನಿಲ್ದಾಣಗಳು ಎಲ್ಲಿ, ಯಾವ ಬೆಳಕಿನಲ್ಲಿ, ಯಾವ ಕಡೆಯಿಂದ ಬಂದಾಗ ಒಂದರಂತೆ ಇನ್ನೊಂದು ಕಾಣುತ್ತವೆ ಎಂಬ ವಿವರ ಹೊರಬರುವುದು ಇಂಥ ವರದಿಗಳಿಂದಲೇ.

ವಿಚಿಟಾದ ಡ್ರೀಮ್‌ಲಿಫ್ಟರ್ ಆ ರಾತ್ರಿ ಜಬಾರಾದಲ್ಲೇ ಉಳಿಯಿತು. ಇಂಧನ, ತೂಕ, ಗಾಳಿ, ರನ್‌ವೇ ಉದ್ದ ಎಲ್ಲದರ ಲೆಕ್ಕ ಹಾಕಿದ ಮೇಲೆ ಮರುದಿನ ಅದನ್ನು ಅಲ್ಲಿಂದ ಎಬ್ಬಿಸಿ, 14 ಕಿಲೋಮೀಟರ್ ಆಚೆಯ ಮೆಕಾನಲ್‌ಗೆ ಒಯ್ದರು.